ಯಾರ ಮನೆಯವರು?

ಕಳೆದ ಭಾನುವಾರ ಐನ್‌ಮನೆಯ, ಅಂದರೆ ನಮ್ಮ ಕುಟುಂಬದ ಮೂಲಮನೆಯ, ಜಗಲಿಯಲ್ಲಿ ಕುಳಿತು ಅಜ್ಜ ಹಾಕಿ ಆಟಗಾರರ ಚಿತ್ರವಿರುವ ಹದಿನಾರು ಕಾರ್ಡುಗಳನ್ನೂ ಒಂದೊಂದಾಗಿ ಕಣ್ಣಿನ ಹತ್ತಿರ ಹಿಡಿದು ನೋಡಿದರು. ನೋಡಿ ಮುಗಿಸಿ, ಮತ್ತೆ ಮೊದಲಿನದನ್ನೇ ಎತ್ತಿಕೊಂಡು ಕೇಳಿದರು: "ಮಕ್ಕಳು ಚೆನ್ನಾಗಿ ಕಾಣುತ್ತಾರೆ. ಇವರೆಲ್ಲ ಯಾರ ಮನೆಯವರು?"

ಹದಿನಾರು ಮಂದಿಯೂ ನಮ್ಮ ಮನೆಯವರೇ. ಅವರ ಕೈಯಲ್ಲಿದ್ದ ಕಾರ್ಡು ಅವರದೇ ಮೊಮ್ಮಗಳದು. ಅವಳ ಮುಖ ಅವರಿಗೆ ಗೊತ್ತಾಗದೇ? ಕಾರ್ಡಿನ ಮೇಲೆ ಮನೆಯ ಹೆಸರಿಲ್ಲ ಎಂಬುದನ್ನು ಅಜ್ಜ ಹಾಗೆ ಹೇಳಿದರು. ನನಗೆ ತಲೆ ಎತ್ತಲಾಗಲಿಲ್ಲ.

ಕಾರ್ಡು ಕೂಡಿಡುವುದು ನನಗೆ ಮೂವತ್ತೈದು ವರ್ಷಗಳ ಹುಚ್ಚು. ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟಿಗರ ಚಿತ್ರಗಳಿಂದ ಶುರುವಾದದ್ದು. ಕೊಡಗಿನ ಮಳೆಗಾಲದಲ್ಲಿ ಕಾಗದ ಉಳಿಸುವುದು ಎಷ್ಟು ಕಷ್ಟವೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಜೂನ್ ಬಂದರೆ ಬೂಷ್ಟು, ಜುಲೈಗೆ ಅಂಚು ಸುರುಳಿ. ಒಲೆಯ ಮೇಲಿನ ಅಟ್ಟದಲ್ಲಿ ತಗಡಿನ ಡಬ್ಬಿಯಲ್ಲಿಟ್ಟು ಉಳಿಸಿಕೊಂಡಿದ್ದೇನೆ. ಆ ಡಬ್ಬಿಯಲ್ಲಿ ಒಬ್ಬನೇ ಒಬ್ಬ ಹಾಕಿ ಆಟಗಾರನಿಲ್ಲ. 1973ರ ವಿಶ್ವಕಪ್‌ನಲ್ಲಿ ಭಾರತದ ನಾಯಕರಾಗಿದ್ದ ಎಂ.ಪಿ. ಗಣೇಶ್, 1975ರಲ್ಲಿ ವಿಶ್ವಕಪ್ ಗೆದ್ದ ತಂಡದ ಬಿ.ಪಿ. ಗೋವಿಂದ, 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದ ಎಂ.ಎಂ. ಸೋಮಯ್ಯ, ಎಲ್ಲರೂ ಈ ಪುಟ್ಟ ಜಿಲ್ಲೆಯವರು. ಅವರ ಕಾರ್ಡಿಗಾಗಿ ನಾನು ಎಷ್ಟು ಪೊಟ್ಟಣ ಒಡೆದಿದ್ದೇನೋ. ಹಾಗಾಗಿ ಈ ವರ್ಷ ನಮ್ಮ ಕುಟುಂಬದ ಹಾಕಿ ತಂಡಕ್ಕೆ ನಾನೇ ಕಾರ್ಡು ಮಾಡಿಸುತ್ತೇನೆ ಎಂದು ಹೊರಟೆ. ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಜಗತ್ತಿನಲ್ಲಿ ಆಟದ ಕಾರ್ಡಿಗೆ ಸಾಮಾನ್ಯವಾಗಿ ಇರುವ ಅದೇ ಅಳತೆ. ಹದಿನಾರು ಆಟಗಾರರು, ಒಬ್ಬೊಬ್ಬರದು ಐವತ್ತು ಪ್ರತಿ.

ನಗರದ ಒಂದು ಕಾರ್ಡು ತಯಾರಕ ಕಂಪನಿಗೆ ಕೆಲಸ ಕೊಟ್ಟೆ. ಮಾದರಿಗೆಂದು ಮೊದಲು ಒಂದೇ ಕಾರ್ಡು ಕಳುಹಿಸಿದರು. ಅದರಲ್ಲಿ ಹೆಸರು ಪೂರ್ತಿ ಇತ್ತು, ಒಪ್ಪಿದೆ. ಎಂಟುನೂರು ಕಾರ್ಡುಗಳ ಪೆಟ್ಟಿಗೆ ಬಂದಾಗ ಒಂದರಲ್ಲೂ ಮನೆಯ ಹೆಸರಿಲ್ಲ. ಫೋನ್ ಮಾಡಿದರೆ ಆ ಕಡೆಯ ಹುಡುಗ ಹೇಳಿದ್ದು ಇಷ್ಟು: "ಸರ್, ಹದಿನಾರು ಜನರಿಗೂ ಒಂದೇ ಸರ್‌ನೇಮ್ ಇತ್ತು. ತಪ್ಪಿ ಎಲ್ಲ ಕಡೆ ಸೇರಿಸಿದ್ದೀರಿ ಎಂದುಕೊಂಡು ತೆಗೆದೆವು."

ಹುಡುಗ ಕೆಟ್ಟವನಲ್ಲ, ಮಾತಿನಲ್ಲಿ ಮರ್ಯಾದೆಯಿತ್ತು. ಆದರೆ ಕೇಳದೆ ತೆಗೆದದ್ದನ್ನು ನಾನು ಕ್ಷಮಿಸಲಾರೆ. ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಕೊಡವ ಕುಟುಂಬಗಳು ಒಂದಕ್ಕೊಂದು ಎದುರಾಗಿ ಆಡುವ ನಮ್ಮ ಹಾಕಿ ಹಬ್ಬವೇ ಆ ಒಂದೇ ಹೆಸರಿನ ಮೇಲೆ ನಿಂತಿದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಇದನ್ನು ಆರಂಭಿಸಿದಾಗ 60 ಕುಟುಂಬಗಳು ಆಡಿದವು; 2024ರಲ್ಲಿ ನಾಪೋಕ್ಲುವಿನಲ್ಲಿ ಆಡಿದ್ದು 360. ಊರಿನ ತಂಡವಿಲ್ಲ, ಕ್ಲಬ್ಬಿನ ತಂಡವಿಲ್ಲ, ಮನೆತನದ ತಂಡ. ಅಪ್ಪ ಮಗ ಒಟ್ಟಿಗೆ ಆಡುತ್ತಾರೆ, ಅಣ್ಣನಿಗೆ ತಂಗಿ ಪಾಸ್ ಕೊಡುತ್ತಾಳೆ. ಮೊದಲ ವರ್ಷದ 60ರಲ್ಲಿ ನಾವೂ ಇದ್ದೆವು, ಗೋಲಿನಲ್ಲಿ ನಿಂತವರು ಇದೇ ಅಜ್ಜ. ಮೈಕಿನಲ್ಲಿ ಯಾರ ಹೆಸರು ಕೂಗಿದರೂ ಜನ ಮೊದಲು ಕಿವಿಗೊಡುವುದು ಮನೆಯ ಹೆಸರಿಗೆ.

ಆ ರಾತ್ರಿ ನಿದ್ದೆ ಬರದೆ ಇನ್ನೊಂದು ವಿಷಯ ಹೊಳೆಯಿತು. ಎಂ.ಪಿ. ಗಣೇಶ್ ಅವರ ಮೊದಲ 'ಎಂ' ಎಂದರೆ ಮೊಳ್ಳೇರ. ಎಂ.ಎಂ. ಸೋಮಯ್ಯ ಅವರ ಮೊದಲ 'ಎಂ' ಎಂದರೆ ಮನೆಯಪಂಡ. ಎರಡು ಬೇರೆ ಮನೆತನಗಳು, ಪತ್ರಿಕೆಯಲ್ಲಿ ಮಾತ್ರ ಒಂದೇ ಅಕ್ಷರ. ಕಂಪನಿಯ ಹುಡುಗ ಮಾಡಿದ್ದನ್ನು ನಾವು ಐವತ್ತು ವರ್ಷಗಳಿಂದ ನಾವೇ ಮಾಡಿಕೊಂಡು ಬಂದಿದ್ದೇವೆ. ಶಾಲೆಯ ಹಾಜರಿ ಪುಸ್ತಕದಲ್ಲಿ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ನನ್ನ ಮನೆತನವೂ ಒಂದು ಅಕ್ಷರ ಮತ್ತು ಒಂದು ಚುಕ್ಕೆ. ಅದನ್ನು ಬಿಡಿಸಿ ಬರೆಯಿರಿ ಎಂದು ನಾನು ಯಾರನ್ನೂ ಕೇಳಿದ್ದಿಲ್ಲ. ಸಿಟ್ಟು ಇಳಿಯಲಿಲ್ಲ, ಅದರಲ್ಲಿ ನನ್ನ ಪಾಲೂ ಸೇರಿಕೊಂಡಿತು.

ನನ್ನಂತೆಯೇ ಕಾರ್ಡು ಕೂಡಿಡುವ ಮೈಸೂರಿನ ಗೆಳೆಯ ಸಮಾಧಾನ ಹೇಳಿದ. ಅಮೆರಿಕದ ಟಾಪ್ಸ್ ಕಂಪನಿಯ 1990ರ ಬೇಸ್‌ಬಾಲ್ ಕಾರ್ಡುಗಳಲ್ಲಿ ಫ್ರಾಂಕ್ ಥಾಮಸ್ ಎಂಬ ಆಟಗಾರನ ಕೆಲವು ಪ್ರತಿಗಳಿಗೆ ಕಪ್ಪು ಶಾಯಿ ಸರಿಯಾಗಿ ಬೀಳದೆ ಮುಂಭಾಗದಲ್ಲಿ ಹೆಸರೇ ಅಚ್ಚಾಗಿರಲಿಲ್ಲ. ಇಂದು ಆ ಹೆಸರಿಲ್ಲದ ಕಾರ್ಡಿಗೆ ಸಾವಿರಾರು ಡಾಲರ್ ಬೆಲೆ. "ನಿನ್ನದೂ ಹಾಗೆ ಅಪರೂಪದ್ದಾಗುತ್ತದೆ" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆದರೆ ಥಾಮಸ್‌ನ ಹೆಸರು ಬೇರೆ ಸಾವಿರ ಕಡೆ ಅಚ್ಚಾಗಿತ್ತು. ನಮ್ಮ ಹುಡುಗಿಗೆ ಇದು ಮೊದಲ ಕಾರ್ಡು.

ಮೂರು ದಿನ ಫೋನಿನಲ್ಲಿ ಹಟ ಹಿಡಿದ ಮೇಲೆ ಕಂಪನಿ ಒಪ್ಪಿತು: ಹಣವಿಲ್ಲದೆ ಮತ್ತೆ ಅಚ್ಚು ಮಾಡಿಕೊಡುತ್ತೇವೆ, ಹಳೆಯ ಎಂಟುನೂರನ್ನೂ ವಾಪಸು ಕಳುಹಿಸಿ. ಸಂತೋಷದಿಂದ ಪೆಟ್ಟಿಗೆ ತರಲು ನಿನ್ನೆ ಐನ್‌ಮನೆಗೆ ಹೋದೆ.

ಅಜ್ಜ ಜಗಲಿಯಲ್ಲಿ ಕನ್ನಡಕ ಹಾಕಿಕೊಂಡು ಕುಳಿತಿದ್ದರು. ಪಕ್ಕದಲ್ಲಿ ಪೆಟ್ಟಿಗೆ, ಕೈಯಲ್ಲಿ ಬಾಲ್ ಪೆನ್ನು. ಮುಂಭಾಗದ ನುಣುಪಿನ ಮೇಲೆ ಶಾಯಿ ನಿಲ್ಲದೆ, ಹಿಂಭಾಗದಲ್ಲಿ ಆಟಗಾರರ ಹೆಸರಿನ ಎಡಕ್ಕೆ ನಮ್ಮ ಮನೆಯ ಹೆಸರನ್ನು ಬರೆಯುತ್ತಿದ್ದರು. ಹಳೆಯ ಶಾಲೆಯ ದುಂಡು ಅಕ್ಷರ, ಕೈ ನಡುಗಿದ ಕಡೆ ಸ್ವಲ್ಪ ಓರೆ. ನೂರಕ್ಕಿಂತ ಹೆಚ್ಚು ಮುಗಿದಿದ್ದವು.

"ಸರಿ ಇದೆಯಾ ನೋಡು" ಎಂದು ಒಂದನ್ನು ನನ್ನ ಕಡೆ ಚಾಚಿದರು.

ಅಲ್ಲಿಂದಲೇ ಕಂಪನಿಗೆ ಫೋನ್ ಮಾಡಿ, ಹಳೆಯವನ್ನು ಕಳುಹಿಸುವುದಿಲ್ಲ, ಹೊಸದೂ ಬೇಡ ಎಂದೆ. ಆಮೇಲೆ ಪೇಟೆಗೆ ಹೋಗಿ ಅಜ್ಜನಿಗೆ ನಾಲ್ಕು ಪೆನ್ನು ತಂದುಕೊಟ್ಟೆ.