ಆರಡಿ ನಾಲ್ಕಿಂಚು, 66ರಿಂದ 72.5 ಕೆ.ಜಿ.: ಯುಗಾದಿವರೆಗಿನ ಲೆಕ್ಕ

ಮೊದಲು ಅಂಕಿ ಹೇಳಿಬಿಡುತ್ತೇನೆ. ಎತ್ತರ 193 ಸೆಂ.ಮೀ. ದಸರಾ ಮುಗಿಸಿ ಜಿಮ್ ಸೇರಿದಾಗ ತೂಕ 66 ಕೆ.ಜಿ. ಇತ್ತು. ಯುಗಾದಿ ಹತ್ತಿರ ಬಂತು, ಈಗ 72.5. ಡೆಡ್‌ಲಿಫ್ಟ್ ಅಂದ್ರೆ ನೆಲದ ಮೇಲಿನ ಬಾರನ್ನು ಬಗ್ಗಿ ಹಿಡಿದು ನೆಟ್ಟಗೆ ನಿಲ್ಲುವುದು, 40ರಿಂದ 90 ಕೆ.ಜಿ.ಗೆ ಬಂದಿದೆ. ಸ್ಕ್ವಾಟ್, ಅಂದ್ರೆ ಭಾರ ಹೊತ್ತು ಕೂತು ಏಳುವುದು, ಒಂದು ಡಂಬೆಲ್‌ನಿಂದ ಶುರುವಾಗಿ 57ಕ್ಕೆ ಏರಿದೆ. ನಿಂತು ಬಾರನ್ನು ತಲೆಯ ಮೇಲೆ ಎತ್ತುವ ಪ್ರೆಸ್ 20ರಿಂದ 31. ಐದೈದು ಸಲ ಎತ್ತುವ ಮೂರು ಸೆಟ್, ಡೆಡ್‌ಲಿಫ್ಟ್ ಮಾತ್ರ ಒಂದೇ ಸೆಟ್. ಸೋಮ, ಬುಧ, ಶುಕ್ರ, ಅಷ್ಟೇ.

ನನ್ನ ಎತ್ತರಕ್ಕೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 18.5 ಮುಟ್ಟಬೇಕು ಅಂದ್ರೆ 69 ಕೆ.ಜಿ. ಬೇಕು. ಅದರ ಕೆಳಗಿದ್ದರೆ ಕಡಿಮೆ ತೂಕ ಅಂತ ಲೆಕ್ಕ. ಆ ಗೆರೆ ದಾಟಿದ ವಾರ ಮನೆಯಲ್ಲಿ ಶೇಂಗಾ ಹೋಳಿಗೆ ಮಾಡಿದ್ದರು.

ಈ ಸಲ ಜಾಸ್ತಿ ಬರೆಯಬೇಕಾದ್ದು ಡೆಡ್‌ಲಿಫ್ಟ್ ಬಗ್ಗೆ. ಸ್ಪರ್ಧೆಯಲ್ಲಿ ಬಾರಿನ ತುದಿಗೆ ಹಾಕುವ ದೊಡ್ಡ ಪ್ಲೇಟಿನ ವ್ಯಾಸ 45 ಸೆಂ.ಮೀ. ಹಾಗಾಗಿ ಬಾರ್ ನೆಲದಿಂದ 22.5 ಸೆಂ.ಮೀ. ಮೇಲೆ ಇರುತ್ತದೆ. ಎತ್ತುವವರು ಐದಡಿ ಇರಲಿ, ಆರೂವರೆ ಅಡಿ ಇರಲಿ, ಎಲ್ಲರಿಗೂ ಅದೇ ಎತ್ತರ. ಹೊಸಬರ ಕಥೆ ಇನ್ನೂ ಕಷ್ಟ. ಸಣ್ಣ ಜಿಮ್‌ಗಳಲ್ಲಿ 10 ಕೆ.ಜಿ.ಯ ಕಬ್ಬಿಣದ ಪ್ಲೇಟ್ ಅಗಲದಲ್ಲೂ ಚಿಕ್ಕದು, ಅದನ್ನು ಹಾಕಿದರೆ ಬಾರ್ ಹೆಚ್ಚು ಕಡಿಮೆ ಪಾದದ ಗಂಟಿನ ಹತ್ತಿರಕ್ಕೇ ಇಳಿಯುತ್ತದೆ. ಅಂದ್ರೆ ಶಕ್ತಿ ಎಲ್ಲರಿಗಿಂತ ಕಡಿಮೆ ಇರುವ ದಿನಗಳಲ್ಲೇ, ಎಲ್ಲರಿಗಿಂತ ಉದ್ದ ಇರುವವನು ಎಲ್ಲರಿಗಿಂತ ಕೆಳಗೆ ಬಗ್ಗಬೇಕು. ಬಾರ್ ನೆಲ ಬಿಡುವ ಮೊದಲೇ ಬೆನ್ನು ಬಾಗಿರುತ್ತದೆ.

ಇದಕ್ಕೆ ಮಾಡಿಸಿದ್ದು ಹಲಗೆ. ನಮ್ಮ ಓಣಿಯ ಬಡಿಗೇರರ ಹತ್ತಿರ ಹಳೇ ಬಾಗಿಲಿನ ಚೌಕಟ್ಟು ಬಿದ್ದಿತ್ತು. ಅದರಲ್ಲೇ ನಾಲ್ಕು ತುಂಡು ಕೊಯ್ಸಿದೆ, ಒಂದೊಂದು ಮೂರು ಬೆರಳು ದಪ್ಪ. ಪ್ಲೇಟಿನ ಕೆಳಗೆ ಆ ಕಡೆ ಎರಡು, ಈ ಕಡೆ ಎರಡು, ಮೇಲೆ ರಬ್ಬರ್ ಮ್ಯಾಟ್. ಬಾರ್ ಮೊಣಕಾಲಿನ ಕೆಳಗೆ ಅರ್ಧ ಕಾಲಿನ ಮಟ್ಟಕ್ಕೆ ಬಂತು, ಬೆನ್ನು ನೆಟ್ಟಗೆ ನಿಂತಿತು. ಇಟ್ಟಿಗೆ ಮಾತ್ರ ಇಡಬೇಡಿ, ಒಡೆದರೆ ಬಾರ್ ಒಂದು ಕಡೆಗೆ ಜಾರುತ್ತದೆ.

ಬೆನ್ನು ನೆಟ್ಟಗಿದೆಯಾ ಅಂತ ನೋಡಲು ಒಂದು ಉಪಾಯ ಇದೆ. ಅಡ್ಡ ಪಟ್ಟೆಯ ಟೀ ಶರ್ಟ್ ಹಾಕಿಕೊಂಡು ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೋ ಮಾಡಿ. ಸೊಂಟದ ಹತ್ತಿರ ಪಟ್ಟೆಗಳು ಒಂದರಿಂದ ಒಂದು ದೂರ ಸರಿದರೆ ಅಲ್ಲಿ ಬೆನ್ನು ಬಾಗುತ್ತಿದೆ ಅಂತ ಅರ್ಥ. ಸಮ ಇದ್ದರೆ ಮುಂದಿನ ಸಲ 2.5 ಕೆ.ಜಿ. ಏರಿಸಿ. ಕನ್ನಡಿ ನೋಡಿಕೊಂಡು ಎತ್ತುವುದಕ್ಕಿಂತ ಇದು ಎಷ್ಟೋ ವಾಸಿ, ಯಾಕಂದ್ರೆ ಕನ್ನಡಿಗಾಗಿ ಕುತ್ತಿಗೆ ತಿರುಗಿಸಬೇಕಾಗಿಲ್ಲ. 60 ಕೆ.ಜಿ. ದಾಟಿದ ಮೇಲೆ ಎರಡೂ ಕಡೆ ಒಂದೊಂದು ಹಲಗೆ ತೆಗೆದೆ. ಉಳಿದ ಒಂದು ಇನ್ನೂ ಇದೆ, ತೆಗೆಯಲೇಬೇಕು ಅಂತ ಯಾವ ನಿಯಮವೂ ಇಲ್ಲ.

ಸಂಕ್ರಾಂತಿಗೆ ನಮ್ಮ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಭಾರ ಎತ್ತುವ ಸ್ಪರ್ಧೆ ಇರುತ್ತದಲ್ಲ, ಈ ವರ್ಷ ಅದನ್ನು ಬೇರೆ ಕಣ್ಣಿನಿಂದ ನೋಡಿದೆ. ಕಲ್ಲು ಮೊದಲು ತೊಡೆಗೆ ಬರುತ್ತದೆ, ಆಮೇಲೆ ಎದೆಗೆ. ಎಲ್ಲೂ ಮೈಯಿಂದ ದೂರ ಹೋಗುವುದಿಲ್ಲ. ಪಕ್ಕದಲ್ಲಿ ನಿಂತಿದ್ದ ಹಳೇ ಪೈಲ್ವಾನರೊಬ್ಬರು, "ಉದ್ದ ಇದ್ದಾಂವಗ ಕಲ್ಲು ಒಂದ್ ಗೇಣು ದೂರ ಆತಂದ್ರ ನಡಾ ಹೋತು" ಅಂದರು. ಬಾರಿಗೂ ಅದೇ ಮಾತು. ಬೆನ್ನು ಉದ್ದ ಇದ್ದಷ್ಟೂ ಸೊಂಟದ ಮೇಲೆ ಬೀಳುವ ಎಳೆತ ಜಾಸ್ತಿ, ಬಾರ್ ಮುಂದೆ ಹೋದರೆ ಅದು ಇನ್ನೂ ಏರುತ್ತದೆ. ಈಗ ಬಾರ್ ಕಾಲಿಗೆ ಉಜ್ಜಿಕೊಂಡೇ ಮೇಲೆ ಬರುತ್ತದೆ. ಚರ್ಮ ಕೆತ್ತುತ್ತದೆ, ಅದಕ್ಕೇ ಆ ದಿನ ಉದ್ದ ಪ್ಯಾಂಟ್.

ಸ್ಕ್ವಾಟ್ ವಿಷಯಕ್ಕೆ ಬರೋಣ. ತೊಡೆಯ ಮೂಳೆ ಉದ್ದ ಇದ್ದವರ ಸೊಂಟ ಕೂರುವಾಗ ತುಂಬಾ ಹಿಂದೆ ಹೋಗುತ್ತದೆ. ಭಾರ ಪಾದದ ನಡುವೆ ನಿಲ್ಲಬೇಕು ಅಂದ್ರೆ ಎದೆ ಮುಂದೆ ಬಾಗಲೇಬೇಕು. ಅದು ತಪ್ಪಲ್ಲ, ಮೂಳೆಯ ಅಳತೆ ಹಾಗಿದೆ. "ಮೊಣಕಾಲು ಹೆಬ್ಬೆರಳು ದಾಟಬಾರದು" ಅಂತ ಎಲ್ಲ ಕಡೆ ಹೇಳುತ್ತಾರೆ. ನಮ್ಮಂಥವರು ಅದನ್ನು ಪಾಲಿಸಿದರೆ ಎದೆ ಇನ್ನಷ್ಟು ಮುಂದೆ ಬಾಗಿ ಭಾರವೆಲ್ಲ ಸೊಂಟಕ್ಕೆ ಬೀಳುತ್ತದೆ. ಮೊಣಕಾಲು ನೋವಿಲ್ಲದಿದ್ದರೆ ಅದು ಮುಂದೆ ಹೋಗಲಿ ಬಿಡಿ. ಹಿಮ್ಮಡಿ ಕೆಳಗೆ ಒಂದೊಂದು ತೆಳು ಪ್ಲೇಟ್ ಇಟ್ಟೆ, ಕಾಲು ಸ್ವಲ್ಪ ಅಗಲಿಸಿದೆ, ಎದೆಗೆ ಡಂಬೆಲ್ ಅಪ್ಪಿಕೊಂಡು ಗಾಬ್ಲೆಟ್ ಸ್ಕ್ವಾಟ್‌ನಿಂದ ಶುರು ಮಾಡಿದೆ. ಮುಂದೆ ಹಿಡಿದ ಭಾರ ಹಿಂದೆ ಬೀಳದಂತೆ ತಡೆಯುತ್ತದೆ, ಆಗ ಎದೆ ಎತ್ತಿ ಕೂರಲು ಬರುತ್ತದೆ. 20 ಕೆ.ಜಿ. ಡಂಬೆಲ್ ಸುಲಭ ಆದ ಮೇಲೆ ಬಾರ್ ಹೆಗಲಿಗೇರಿತು. ರ‍್ಯಾಕಿನ ಸೇಫ್ಟಿ ಪಿನ್ (ಭಾರ ತಪ್ಪಿದರೆ ಬಾರ್ ತಡೆಯುವ ಸರಳು) ನಿಮ್ಮ ಅಳತೆಗೆ ಹಾಕಿಕೊಳ್ಳಿ, ಹಿಂದಿನವರು ಬಿಟ್ಟುಹೋದ ತೂತಿನಲ್ಲೇ ಬಿಡಬೇಡಿ.

ಪ್ರೆಸ್‌ಗೆ ಇನ್ನೊಂದು ತೊಂದರೆ. ನಾನು ಕೈ ಎತ್ತಿದರೆ ಬಾರ್ ಸುಮಾರು 240 ಸೆಂ.ಮೀ. ಮೇಲೆ ಹೋಗುತ್ತದೆ. ನಮ್ಮ ಜಿಮ್ಮಿನಲ್ಲಿ ಎರಡು ತೊಲೆಗಳ ನಡುವಿನ ಒಂದೇ ಜಾಗದಲ್ಲಿ ಅಷ್ಟು ಎತ್ತರ ಇದೆ, ಅದೇ ನನ್ನ ಜಾಗ. ಜೊತೆಗೆ ಅಲ್ಲಿ ಎಲ್ಲಕ್ಕಿಂತ ಸಣ್ಣ ಪ್ಲೇಟ್ 2.5 ಕೆ.ಜಿ., ಎರಡೂ ಕಡೆ ಸೇರಿ 5. 25 ಕೆ.ಜಿ. ಎತ್ತುವವನಿಗೆ ಅದು ಒಂದೇ ಸಲಕ್ಕೆ ಶೇ. 20ರಷ್ಟು ಏರಿಕೆ, ಆಗುವ ಮಾತಲ್ಲ. ಕಾಲಿಗೆ ಕಟ್ಟುವ ಅರ್ಧ ಕೆ.ಜಿ. ಪಟ್ಟಿ ಕೆಲವು ಜೊತೆ ತಂದು ಬಾರಿನ ಎರಡೂ ತುದಿಗೆ ಬಿಗಿಯುತ್ತೇನೆ. ಒಂದು ಸಲಕ್ಕೆ ಒಂದು ಕೆ.ಜಿ. ಮಾತ್ರ. ಹಾಗೇ 31 ಆಗಿದ್ದು.

ಗೆಳೆಯರ ಜೊತೆ ಹೋಲಿಕೆ ಬೇಡ. ನನ್ನ ಜೊತೆ ಸೇರಿದವನು ಐದಡಿ ಐದಿಂಚು, ಅವನ ಡೆಡ್‌ಲಿಫ್ಟ್ ಈಗ 110. ಅವನು ಬಾರನ್ನು 50 ಸೆಂ.ಮೀ. ಎತ್ತಿದರೆ ನಾನು 65 ಎತ್ತುತ್ತೇನೆ ಅಂತಿಟ್ಟುಕೊಳ್ಳಿ. ಅದೇ ತೂಕಕ್ಕೆ ನನ್ನ ಕೆಲಸ ಶೇ. 30 ಜಾಸ್ತಿ. ಮೈಗೆ ಬಂದ ಆರೂವರೆ ಕೆ.ಜಿ. ಕೂಡ ಉದ್ದಕ್ಕೆ ಹಂಚಿಹೋಗುತ್ತದೆ, ಅಂಗಿ ಹಾಕಿದರೆ ಯಾರಿಗೂ ಕಾಣುವುದಿಲ್ಲ. ಟೇಪಿಗೆ ಕಾಣುತ್ತದೆ: ತೊಡೆ ಸುತ್ತಳತೆ 47 ಇದ್ದದ್ದು 52 ಸೆಂ.ಮೀ. ಆಗಿದೆ.

ಊಟ. ಒಂದು ಕೆ.ಜಿ. ಮೈತೂಕಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಅನ್ನುವುದು ಲೆಕ್ಕ, ನನಗೆ ದಿನಕ್ಕೆ 115 ಗ್ರಾಂ ಹತ್ತಿರ. ಮೂರು ಮೊಟ್ಟೆ, ಅರ್ಧ ಲೀಟರ್ ಹಾಲು, ಗಟ್ಟಿ ಮೊಸರು, ಹೆಸರುಕಾಳು ಇಲ್ಲ ಮಡಿಕೆಕಾಳಿನ ಪಲ್ಯ, 50 ಗ್ರಾಂ ಸೋಯಾ, ಜೊತೆಗೆ ರೊಟ್ಟಿ. ರೊಟ್ಟಿ ಎರಡರಿಂದ ನಾಲ್ಕಾಗಿದೆ, ಶೇಂಗಾ ಹಿಂಡಿಗೆ ಎಣ್ಣೆ ಕೈಬಿಚ್ಚಿ ಹಾಕುತ್ತೇನೆ. ತೂಕ ಏರಿಸಿದ್ದು ಮಾತ್ರ ನಮ್ಮ ವಿಜಯಪುರದ ಒಣದ್ರಾಕ್ಷಿ ಮತ್ತು ಹುರಿದ ಶೇಂಗಾ. ಜೇಬಿನಲ್ಲಿ ಹಿಡಿಯುವಷ್ಟು ತಿಂದರೂ ಒಂದು ಹೊತ್ತಿನ ಊಟದಷ್ಟು ಕ್ಯಾಲರಿ ಬರುತ್ತದೆ, ಹೊಟ್ಟೆ ಭಾರ ಆಗುವುದಿಲ್ಲ. ಪೌಡರ್ ಡಬ್ಬಿ ಇನ್ನೂ ಬೇಕಾಗಿಲ್ಲ.

ಒಂದು ಮಾತು ದಯವಿಟ್ಟು ಕೇಳಿ. ತುಂಬಾ ಎತ್ತರ, ತೆಳು ಮೈ, ಎತ್ತರಕ್ಕಿಂತ ಎರಡೂ ಕಡೆ ಚಾಚಿದ ಕೈಗಳ ಅಳತೆ ಎದ್ದುಕಾಣುವಷ್ಟು ಉದ್ದ, ಒಳಗೆ ಕುಸಿದ ಇಲ್ಲ ಮುಂದೆ ಚಾಚಿದ ಎದೆ, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ಸಮಸ್ಯೆ ಬಂದವರು ಇದ್ದರೆ, ಭಾರ ಎತ್ತುವ ಮೊದಲು ಡಾಕ್ಟರಿಗೆ ತೋರಿಸಿ. ಮಾರ್ಫಾನ್ ಸಿಂಡ್ರೋಮ್ ಅನ್ನುವುದು ಹುಟ್ಟಿನಿಂದ ಬರುವ ತೊಂದರೆ, ಅದರಲ್ಲಿ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಹಿಗ್ಗಬಹುದು. ಉಸಿರು ಬಿಗಿಹಿಡಿದು ಭಾರ ಎತ್ತುವಾಗ ರಕ್ತದೊತ್ತಡ ಜೋರಾಗಿ ಏರುತ್ತದೆ, ಅಂಥವರಿಗೆ ಅದು ಅಪಾಯ. ನಾನು ಎಕೋ (ಹೃದಯದ ಸ್ಕ್ಯಾನ್) ಮಾಡಿಸಿಯೇ ಶುರು ಮಾಡಿದ್ದು. ಉದ್ದ ಇರುವ ಎಲ್ಲರಿಗೂ ಇದು ಇರುವುದಿಲ್ಲ, ಆದರೆ ನೋಡಿಸುವುದು ಒಳ್ಳೆಯದಲ್ವಾ?

ಇನ್ನು ಬಿಸಿಲು ಶುರು. ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಹಸಿವೆಯೇ ಸತ್ತುಹೋಗುತ್ತದೆ. ಜಿಮ್ ಬೆಳಗ್ಗೆ ಐದೂವರೆಗೆ ಬದಲಾಯಿಸಿದ್ದೇನೆ. ದೊಡ್ಡ ಊಟ ರಾತ್ರಿಗೆ ಹೋಗುತ್ತದೆ, ಮಧ್ಯಾಹ್ನ ಮಜ್ಜಿಗೆಯ ಬದಲು ಬಾಳೆಹಣ್ಣು ಹಾಕಿ ಕಡೆದ ಹಾಲು, ಯಾಕಂದ್ರೆ ಮಜ್ಜಿಗೆ ಹೊಟ್ಟೆ ತುಂಬಿಸುತ್ತದೆ, ಹೆಚ್ಚು ಕ್ಯಾಲರಿ ಕೊಡುವುದಿಲ್ಲ. ಸುಸ್ತಾದರೆ ಸೆಟ್ ಕಡಿಮೆ ಮಾಡುತ್ತೇನೆ, ಬಾರ್ ಮೇಲಿನ ತೂಕ ಇಳಿಸುವುದಿಲ್ಲ. ಕಾರಹುಣ್ಣಿಮೆಯೊಳಗೆ ಡೆಡ್‌ಲಿಫ್ಟ್ 100, ಮೈತೂಕ 75. ಬೆಂಚ್ ಪ್ರೆಸ್ ಬಗ್ಗೆ ಮುಂದಿನ ಸಲ ಬರೆಯುತ್ತೇನೆ, ಉದ್ದ ಕೈಯವರಿಗೆ ಅದರದ್ದೇ ಬೇರೆ ಲೆಕ್ಕ.