ಸರ್ಚುನಲ್ಲಿ ರಾತ್ರಿ ಉಳೀಬೇಡಿ: ಕೊಡಗಿನಿಂದ ಲಡಾಖ್‌ಗೆ ಬೈಕಲ್ಲಿ ಹೊರಡೋರಿಗೆ

ಲಡಾಖ್‌ಗೆ ಬೈಕಲ್ಲಿ ಹೋಗ್ಬೇಕು ಅಂತ ಪ್ಲ್ಯಾನ್ ಹಾಕ್ತಿರೋ ನಮ್ಮ ಕಡೆ ಗುಂಪುಗಳಿಗೆ ಮೊದಲನೇ ಮಾತು, ಮನಾಲಿ ಕಡೆಯಿಂದ ಹತ್ತಬೇಡಿ. ಶ್ರೀನಗರದ ಕಡೆಯಿಂದ ಹತ್ತಿ, ಮನಾಲಿ ಕಡೆಗೆ ಇಳೀರಿ. ಎರಡನೇ ಮಾತು, ಪ್ಯಾಕೇಜ್ ಮಾರೋರು ಏನೇ ಹೇಳ್ಲಿ, ಮನಾಲಿ-ಲೇಹ್ ದಾರಿ ನಡುವೆ ಸಿಗೋ ಸರ್ಚು ಅನ್ನೋ ಜಾಗದಲ್ಲಿ ಟೆಂಟ್ ಬುಕ್ ಮಾಡ್ಬೇಡಿ. ಪ್ಯಾಂಗಾಂಗ್, ನುಬ್ರಾ, ಖಾರ್ದುಂಗ್ ಲಾ ಬಗ್ಗೆ ಬರೆದಿರೋರು ಬೇಕಾದಷ್ಟು ಜನ ಇದಾರೆ, ನಾನು ಅದಕ್ಕೆ ಕೈ ಹಾಕಲ್ಲ. ನಮ್ಮ ಗುಂಪಿನ ಒಬ್ಬ ಹುಡುಗ ಲೇಹ್ ನೋಡ್ದೇನೇ ವಾಪಸ್ ಇಳಿದು ಹೋದ, ಹಾಗೆ ಆಗೋ ಅಗತ್ಯವೇ ಇರಲಿಲ್ಲ, ಅದಕ್ಕೆ ಇಷ್ಟು ಬರೀತಿದೀನಿ.

ನಾವು ಎಂಟು ಬೈಕು. ಮಡಿಕೇರಿ, ಗೋಣಿಕೊಪ್ಪ, ಸೋಮವಾರಪೇಟೆ ಎಲ್ಲಾ ಕಡೆಯವರೂ ಇದ್ವಿ, ಗುಂಪಿಗೆ ಹಿರಿಯರು ಅಂದ್ರೆ ಸೈನ್ಯದಿಂದ ರಿಟೈರ್ ಆಗಿ ಬಂದಿರೋ ಒಬ್ರು ಅಣ್ಣ. ಕೈಲ್ ಮುಹೂರ್ತ ಹಬ್ಬ ಮುಗಿಸ್ಕೊಂಡು ಹೊರಟಿದ್ದು. ನಮ್ಮವರಿಗೆ ಇದೇ ಸರಿಯಾದ ಟೈಮು, ಗದ್ದೆ ನಾಟಿ ಮುಗಿದಿರುತ್ತೆ, ಕಾಫಿ ಕೊಯ್ಲಿಗೆ ಇನ್ನೂ ತಿಂಗಳುಗಳಿರುತ್ತೆ, ಅಲ್ಲೂ ಸೆಪ್ಟೆಂಬರ್‌ನಲ್ಲಿ ನಾಲಾಗಳ (ರೋಡಿಗೆ ಅಡ್ಡ ಬರೋ ಹಳ್ಳಗಳ) ನೀರು ತಗ್ಗಿರುತ್ತೆ, ರಾತ್ರಿ ಚಳಿ ಜಾಸ್ತಿ ಅನ್ನೋದು ಬಿಟ್ರೆ ಆಕಾಶ ಕ್ಲಿಯರ್ ಆಗಿರುತ್ತೆ. ಜುಲೈ, ಆಗಸ್ಟ್‌ನಲ್ಲಿ ಹಿಮಾಚಲದ ಕಡೆ ಗುಡ್ಡ ಜರಿಯೋದು ಸಾಮಾನ್ಯ, ಕೊಡಗಲ್ಲಿ ಗುಡ್ಡ ಕುಸಿದ 2018ರ ಆಗಸ್ಟ್ ನೋಡಿರೋ ನಮಗೆ ಅದೇನು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ.

ಕೊಡಗಿಗೆ ರೈಲೇ ಇಲ್ಲ, ಹಾಗಾಗಿ ಬೈಕು ಕಳ್ಸೋದು ದೊಡ್ಡ ಕೆಲಸ. ಯಶವಂತಪುರದಿಂದ ಚಂಡೀಗಢಕ್ಕೆ ನೇರ ರೈಲಿದೆ, ಸಂಪರ್ಕ ಕ್ರಾಂತಿ. ನೀವು ಹೋಗೋ ರೈಲಲ್ಲೇ ಟಿಕೆಟ್ ತೋರಿಸಿ ಲಗೇಜ್ ಅಂತ ಬುಕ್ ಮಾಡಿ, ಪಾರ್ಸೆಲ್ ಅಂತ ಹಾಕಿದ್ರೆ ಬೈಕು ಯಾವಾಗ ಯಾವ ರೈಲಲ್ಲಿ ಬರುತ್ತೋ ಗ್ಯಾರಂಟಿ ಇಲ್ಲ. ಆರ್‌ಸಿ ಕಾಪಿ, ಐಡಿ ಕಾಪಿ ಇಟ್ಕೊಳ್ಳಿ, ಟ್ಯಾಂಕ್ ಪೂರ್ತಿ ಖಾಲಿ ಇರ್ಬೇಕು. ಸ್ಟೇಷನ್ ಹೊರಗಡೆ ಗೋಣಿಚೀಲ ಹಿಡ್ಕೊಂಡು ಪ್ಯಾಕಿಂಗ್ ಮಾಡೋರು ನಿಂತಿರ್ತಾರೆ, ಮೊದ್ಲು ಒಂದು ರೇಟು ಹೇಳಿ ಕಟ್ಟಿ ಮುಗಿಸಿದ್ಮೇಲೆ ಲೋಡಿಂಗ್‌ಗೆ ಬೇರೆ, ಥರ್ಮಾಕೋಲ್‌ಗೆ ಬೇರೆ ಅಂತ ಶುರು ಮಾಡ್ತಾರೆ. ಗೋಣಿ, ಹಗ್ಗ ಮನೆಯಿಂದಲೇ ತಗೊಂಡು ಹೋಗಿ, ಕಾಫಿ ತುಂಬೋ ಚೀಲ ಯಾರ ಮನೇಲಿಲ್ಲ, ನೀವೇ ಕಟ್ಟಿದ್ರೆ ಯಾರೂ ಬೇಡ ಅನ್ನಲ್ಲ. ಮಿರರ್ ಬಿಚ್ಚಿ ಬ್ಯಾಗಿಗೆ ಹಾಕ್ಕೊಳ್ಳೋದು ಮರೀಬೇಡಿ.

ಈಗ ಅಸಲು ವಿಷಯ. ನಮ್ಮ ಪ್ಯಾಕೇಜ್ ಬೆಂಗಳೂರಿನ ಒಬ್ಬ ಏಜೆಂಟ್ ಹತ್ರ. ಅಡ್ವಾನ್ಸ್ ತಗೊಳ್ಳುವಾಗ ವಾಟ್ಸಾಪ್‌ನಲ್ಲಿ ಬರೆದು ಕಳ್ಸಿದ್ದ: ಹಿಂದೆ ಬ್ಯಾಕಪ್ ಗಾಡಿ, ಅದರಲ್ಲಿ ಮೆಕ್ಯಾನಿಕ್, ಆಕ್ಸಿಜನ್ ಸಿಲಿಂಡರ್, ಸರ್ಚುನಲ್ಲಿ ಡೀಲಕ್ಸ್ ಟೆಂಟ್, ಅಟ್ಯಾಚ್ಡ್ ಬಾತ್‌ರೂಮ್, ಬಿಸಿನೀರು. ಮನಾಲಿಯಿಂದ ಸರ್ಚುಗೆ ಒಂದೇ ದಿನ, ಮಾರನೇ ದಿನ ಲೇಹ್, ಇದು ಅವನ ಪ್ಲ್ಯಾನ್. ಹಿರಿಯಣ್ಣ ಆಗ್ಲೇ ನಡುವೆ ಸಿಗೋ ಜಿಸ್ಪಾ ಊರಲ್ಲಿ ನಿಲ್ಲೋಣ ಅಂದ್ರು, ಅವನು ಬುಕಿಂಗ್ ಎಲ್ಲಾ ಆಗೋಗಿದೆ, ಬದಲಾಯಿಸಿದ್ರೆ ದುಡ್ಡು ವಾಪಸ್ ಬರಲ್ಲ ಅಂದ. ಈ ಒಂದು ದಿನದ ಪ್ಲ್ಯಾನ್ ಹುಟ್ಟಿದ್ದು ಅಟಲ್ ಸುರಂಗದಿಂದ. 2020ರ ಅಕ್ಟೋಬರ್‌ನಲ್ಲಿ ಅದು ಓಪನ್ ಆಗೋ ತನಕ ಎಲ್ಲರೂ ರೋಹ್ತಾಂಗ್ ಪಾಸ್ (ಬೆಟ್ಟ ದಾಟೋ ಕಣಿವೆದಾರಿ) ಹತ್ತಿ ಇಳೀಬೇಕಿತ್ತು, ಸುಸ್ತಾಗಿ ಕೇಲಾಂಗ್‌ನಲ್ಲೋ ಜಿಸ್ಪಾದಲ್ಲೋ ಮಲಗ್ತಿದ್ರು, ಮೈ ತಾನಾಗೇ ಸ್ವಲ್ಪ ಹೊಂದ್ಕೊಳ್ತಿತ್ತು. ಈಗ 9 ಕಿಮೀ ಸುರಂಗದಲ್ಲಿ ನುಗ್ಗಿ ಆಚೆ ಬಂದ್ರೆ ಮಧ್ಯಾಹ್ನದ ಒಳಗೆ ಜಿಸ್ಪಾ, ಇನ್ನೂ ಬೆಳಕಿದೆ ಹೋಗೋಣ ಅನ್ನಿಸುತ್ತೆ.

ಲೆಕ್ಕ ನೋಡಿ. ಮಡಿಕೇರಿ ಸುಮಾರು 1,150 ಮೀಟರ್, ಮನಾಲಿ 2,050, ಜಿಸ್ಪಾ 3,200, ಸರ್ಚು 4,290. ಡಾಕ್ಟರುಗಳು ಹೇಳೋದು 3,000 ಮೀಟರ್ ದಾಟಿದ್ಮೇಲೆ ದಿನಕ್ಕೆ ಮಲಗೋ ಜಾಗ 500 ಮೀಟರ್‌ಗಿಂತ ಜಾಸ್ತಿ ಏರಿಸ್ಬೇಡಿ ಅಂತ, ಇವರು ನಮ್ಮನ್ನ ಒಂದೇ ಹಗಲಿಗೆ 2,200 ಮೀಟರ್ ಏರಿಸಿ ಮಲಗಿಸಿದ್ರು. ಅಲ್ಲಿ ಉಸಿರಿಗೆ ಸಿಗೋ ಆಕ್ಸಿಜನ್ ಸಮುದ್ರಮಟ್ಟದಲ್ಲಿ ಇರೋದರ ಸುಮಾರು 60 ಪರ್ಸೆಂಟ್. ಬೆಟ್ಟದ ಮೇಲೆ ಹುಟ್ಟಿ ಬೆಳೆದವರು ನಾವು ನಮಗೇನಾಗುತ್ತೆ ಅಂತ ನಮ್ಮ ಕಡೆ ಹುಡುಗ್ರು ಮಾತಾಡೋದು ಕೇಳಿದೀನಿ, ನಮ್ಮ ತಡಿಯಂಡಮೋಳ್ ಬೆಟ್ಟ ಹತ್ತಿ ಇಳಿದಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ತಡಿಯಂಡಮೋಳ್ ತುದಿ 1,748 ಮೀಟರ್, ಮನಾಲಿ ಪೇಟೆಗಿಂತ ಕೆಳಗೆ.

ಇನ್ನೊಂದು ಗೊತ್ತಿರಲೇಬೇಕಾದ್ದು ನೀರಿಂದು. ನಮ್ಮಲ್ಲಿ ಮಳೆ ಹೊಯ್ದ್ರೆ ತೋಡು ತುಂಬುತ್ತೆ, ಬಿಸಿಲು ಬಂದ್ರೆ ಇಳಿಯುತ್ತೆ. ಅಲ್ಲಿ ಉಲ್ಟಾ. ಬಿಸಿಲು ಏರಿದ ಹಾಗೆ ಮೇಲಿನ ಹಿಮ ಕರಗಿ ಮಧ್ಯಾಹ್ನದ ಮೇಲೆ ನಾಲಾ ಉಕ್ಕಿ ರೋಡ್ ಮೇಲೆ ಹರಿಯುತ್ತೆ, ಆಕಾಶ ನೀಲಿಯಾಗಿದ್ದಷ್ಟೂ ನೀರು ಜಾಸ್ತಿ. ಜಿಂಗ್‌ಜಿಂಗ್‌ಬಾರ್ ದಾಟಿ ಬಾರಾಲಾಚಾ ಪಾಸ್ ಹತ್ತುವಾಗ ನಾವು ಸಿಕ್ಕಿಹಾಕ್ಕೊಂಡಿದ್ದು ಮೂರು ಗಂಟೆ ಹೊತ್ತಿಗೆ, ಏಜೆಂಟ್ ಕಡೆಯವರು ಬೆಳಿಗ್ಗೆ ಪೇಪರ್ ಕೆಲಸ ಅಂತ ಮನಾಲಿ ಬಿಡ್ಸಿದ್ದೇ ಲೇಟು. ಎಲ್ಲರ ಶೂ ಒಳಗೂ ನೀರು, ಆ ಒದ್ದೆ ಕಾಲಲ್ಲೇ 4,890 ಮೀಟರ್ ಎತ್ತರದ ಪಾಸ್ ದಾಟಿದ್ವಿ. ಮಳೆಗಾಲದ ಗಂಬೂಟು ಮನೇಲಿದ್ರೆ ಕಟ್ಕೊಂಡು ಹೋಗಿ, ನಾಲಾ ಹತ್ರ ಶೂ ಬಿಚ್ಚಿ ಅದನ್ನ ಹಾಕ್ಕೊಳ್ಳಿ.

ಸರ್ಚು ತಲುಪಿದಾಗ ಕತ್ತಲೆ. ಟೆಂಟಿಗೆ ತಲೆಗೆ 2,800 ರೂಪಾಯಿ ಲೆಕ್ಕ. ಬಾತ್‌ರೂಮ್ ಅಂದ್ರೆ ಟೆಂಟ್ ಹಿಂದೆ ಕಟ್ಟಿರೋ ಬಟ್ಟೆ, ಒಳಗೆ ಒಂದು ಬಕೆಟ್. ಬಿಸಿನೀರು ಬಕೆಟಿಗೆ 150 ಅಂತ ಬೇರೆ ಕೇಳಿದ್ರು. ಜನರೇಟರ್ ಒಂಬತ್ತಕ್ಕೆ ಆಫ್, ಫೋನ್ ಚಾರ್ಜ್ ಆಗೋದ್ರೊಳಗೆ ಆಫ್. ಊಟ ಅಂತ ಇಟ್ಟಿದ್ದ ಅನ್ನ ನಡುವೆ ಬೆಂದೇ ಇರಲಿಲ್ಲ, ಆ ಎತ್ತರದಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತೆ, ಪ್ರೆಶರ್ ಕುಕ್ಕರ್ ಇಲ್ದೆ ಅಕ್ಕಿ ಬೇಯಲ್ಲ, ಅಷ್ಟು ದುಡ್ಡು ತಗೊಳ್ಳೋರು ಒಂದು ದೊಡ್ಡ ಕುಕ್ಕರ್ ಇಟ್ಕೊಳ್ಳೋಕೆ ಏನು ಕಷ್ಟ ಅಂತ ನನಗೆ ಈಗ್ಲೂ ಸಿಟ್ಟು ಬರುತ್ತೆ. ಇದೆಲ್ಲಾ ಸಹಿಸ್ಕೋಬಹುದು. ರಾತ್ರಿ ಒಂದರ ಸುಮಾರಿಗೆ ಗೋಣಿಕೊಪ್ಪದ ಹುಡುಗ ತಲೆ ಹಿಡ್ಕೊಂಡು ಎದ್ದು ಕೂತ, ವಾಂತಿ ಮೇಲೆ ವಾಂತಿ, ನಿಂತ್ಕೊಂಡ್ರೆ ಓಲಾಡ್ತಿದ್ದ. ಆಕ್ಸಿಜನ್ ಕೇಳಿದ್ರೆ ಕ್ಯಾಂಪಿನವರು ಅದು ನಿಮ್ಮ ಏಜೆಂಟ್ ಗಾಡಿಯಲ್ಲಿ ಇರುತ್ತೆ ಅಂದ್ರು, ಬ್ಯಾಕಪ್ ಗಾಡಿ ಎಲ್ಲಿ ಅಂದ್ರೆ ಅದು ಮುಂದಿನ ಬ್ಯಾಚ್‌ಗೆ ಅಂತ ಮನಾಲಿಯಲ್ಲೇ ಉಳಿದಿದೆ ಅಂತ ಆವಾಗ ಗೊತ್ತಾಯ್ತು.

ಇಲ್ಲಿದೆ ಸರ್ಚುನ ನಿಜವಾದ ಅಪಾಯ, ಯಾರೂ ಹೇಳಲ್ಲ. ಎತ್ತರಕ್ಕೆ ಮೈ ಹೊಂದ್ಕೊಳ್ದೆ ಬರೋ ಈ ಕಾಯಿಲೆಗೆ ಮುಖ್ಯ ಮದ್ದು ಕೆಳಗೆ ಇಳಿಯೋದು. ಆದ್ರೆ ಸರ್ಚುನಿಂದ ಇಳಿಯೋಕೆ ದಾರಿನೇ ಇಲ್ಲ. ಹಿಂದೆ ಹೋದ್ರೆ ಬಾರಾಲಾಚಾ 4,890, ಮುಂದೆ ಹೋದ್ರೆ ನಕೀ ಲಾ (ಲಾ ಅಂದ್ರೆ ಪಾಸ್), ಅದಾದ್ಮೇಲೆ ಲಾಚುಲುಂಗ್ ಲಾ 5,065. ಎರಡೂ ಕಡೆ ಮೊದ್ಲು ಹತ್ತಲೇಬೇಕು. ಮೈ ಹುಷಾರಿಲ್ಲದೋನನ್ನ ಕೂರಿಸ್ಕೊಂಡು ಕತ್ತಲಲ್ಲಿ ಆ ರೋಡಲ್ಲಿ ಹೊರಡೋ ಹಾಗೂ ಇಲ್ಲ, ಬಿಟ್ಟು ಕೂರೋ ಹಾಗೂ ಇಲ್ಲ. ಹಿರಿಯಣ್ಣ ಅವನನ್ನ ಮಲಗೋಕೆ ಬಿಡ್ದೆ ಒರಗಿಸಿ ಕೂರಿಸ್ಕೊಂಡು ಗುಟುಕು ಗುಟುಕಾಗಿ ನೀರು ಕುಡಿಸ್ತಾ ಬೆಳಗು ಮಾಡಿದ್ರು. ಬೆಳಕು ಹರಿಯೋಕೆ ಮುಂಚೆನೇ ಕೇಲಾಂಗ್ ಕಡೆ ಹೊರಟಿದ್ದ ಒಂದು ಟ್ಯಾಕ್ಸಿಯವರನ್ನ ಕೈಕಾಲು ಹಿಡಿದು ಒಪ್ಪಿಸಿ ಅವನನ್ನ ಕಳ್ಸಿದ್ವಿ, ಅವನ ಹಿಂದೆ ಕೂತು ಬಂದಿದ್ದ ಭಾವ ಆ ಬೈಕನ್ನ ಓಡಿಸ್ಕೊಂಡು ಹಿಂದೆ ಹೋದ. ಕೇಲಾಂಗ್ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟ ಮೇಲೆ ಸರಿಹೋದ, ಆದ್ರೆ ಮತ್ತೆ ಮೇಲೆ ಹತ್ತಬೇಡ ಅಂದ್ರು. ಎರಡು ವರ್ಷದಿಂದ ದುಡ್ಡು ಕೂಡಿಟ್ಟು ಬಂದಿದ್ದ ಹುಡುಗ. ಏಜೆಂಟ್ ಅವನ ಉಳಿದ ದಿನಗಳ ದುಡ್ಡು ಒಂದು ರೂಪಾಯಿನೂ ವಾಪಸ್ ಕೊಟ್ಟಿಲ್ಲ.

ಮನಾಲಿ ಕಡೆಯಿಂದಲೇ ಹೋಗೋದು ಅಂತಾದ್ರೆ ಜಿಸ್ಪಾದಲ್ಲಿ ಎರಡು ರಾತ್ರಿ ನಿಲ್ಲಿ, ಮೂರನೇ ಬೆಳಗಿನ ಜಾವ ನಾಲ್ಕೂವರೆಗೆ ಹೊರಟು ಎಲ್ಲಾ ಪಾಸ್ ದಾಟಿ ಸಂಜೆಗೆ ಲೇಹ್ ಕಡೆ ಇಳಿದುಬಿಡಿ. ಉದ್ದದ ದಿನ, ಸೊಂಟ ಬಿದ್ದುಹೋಗುತ್ತೆ, ಆದ್ರೂ ನಾನು ಅದನ್ನೇ ಹೇಳ್ತೀನಿ. ಎತ್ತರದ ಕಾಯಿಲೆ ತಡೆಯೋಕೆ ತಗೊಳ್ಳೋ ಡಯಾಮಾಕ್ಸ್ ಮಾತ್ರೆ ಊರಲ್ಲೇ ಡಾಕ್ಟರ್ ಹತ್ರ ಕೇಳಿ ತಗೊಳ್ಳಿ, ಸಲ್ಫಾ ಅಲರ್ಜಿ ಇರೋರಿಗೆ ಆಗಲ್ಲ. ಗುಂಪಲ್ಲಿ ಯಾರಿಗಾದ್ರೂ ತಲೆನೋವು ಬಂದ್ರೆ ಮುಚ್ಚಿಡದೆ ಹೇಳೋ ಹಾಗಿರ್ಬೇಕು, ಹಿಂದೆ ಉಳಿಯೋನನ್ನ ಚೇಷ್ಟೆ ಮಾಡೋ ಗುಂಪಿನ ಜೊತೆ ಈ ರೋಡಿಗೆ ಹೋಗ್ಲೇಬೇಡಿ.

ಹುಡುಗನನ್ನ ಕಳ್ಸಿದ ಆ ದಿನ ಮನಸ್ಸು ಭಾರ ಆಗಿತ್ತು. ಗಾಟಾ ಲೂಪ್ಸ್ ಅನ್ನೋ ಏರುದಾರಿಯಲ್ಲಿ 21 ತಿರುವು, ಯಾರೂ ಫೋಟೋಗೆ ನಿಲ್ಲಲಿಲ್ಲ. ಪಾಂಗ್‌ನಲ್ಲಿ ಇಳಿದಾಗ ಹಸಿವೆಯಿಂದ ಕೈ ನಡುಗ್ತಿತ್ತು. ಅಲ್ಲಿ ಸಾಲಾಗಿ ಟೆಂಟ್ ಢಾಬಾಗಳಿವೆ, ನಡೆಸೋರು ಲಡಾಖಿ ಹೆಂಗಸರು, ಬೇಸಿಗೆ ಮುಗಿದ್ರೆ ಕಟ್ಕೊಂಡು ಊರಿಗೆ ಹೋಗ್ತಾರೆ. ನಾವು ನುಗ್ಗಿದ್ದು ಬಿಳಿ ಪ್ಯಾರಾಚೂಟ್ ಬಟ್ಟೆ ಹೊದೆಸಿರೋ ಒಂದು ಟೆಂಟಿಗೆ. ಒಳಗೆ ಸುತ್ತಾ ಹಾಸಿಗೆ, ನಡುವೆ ಸೀಮೆಎಣ್ಣೆ ಒಲೆ, ಪಕ್ಕದಲ್ಲಿ ಹಳೇ ಪ್ರೆಶರ್ ಕುಕ್ಕರ್‌ಗಳು ಒಂದಾದ ಮೇಲೆ ಒಂದು ಕೂಗ್ತಿದ್ವು. ರಾಜ್ಮಾ ಚಾವಲ್ 120 ರೂಪಾಯಿ, ಅನ್ನ ಮಲ್ಲಿಗೆ ಥರ ಅರಳಿತ್ತು, ರಾಜ್ಮಾ ಬೆರಳಲ್ಲಿ ಒತ್ತಿದ್ರೆ ಕರಗ್ತಿತ್ತು, ಮೇಲೆ ಹಸಿ ಈರುಳ್ಳಿ, ಒಣಮೆಣಸಿನ ಚಟ್ನಿ. ಎರಡನೇ ಸಲ, ಮೂರನೇ ಸಲ ಹಾಕಿದ್ದಕ್ಕೆ ದುಡ್ಡಿಲ್ಲ. ನಾವು ತಂದಿದ್ದ ಹಂದಿ ಉಪ್ಪಿನಕಾಯಿ ಕೊಟ್ವಿ, ಟೆಂಟ್ ನಡೆಸೋ ಅಮ್ಮ ರುಚಿ ನೋಡಿ ಇನ್ನೊಂದು ಚಮಚ ಕೇಳಿ ಹಾಕ್ಕೊಂಡ್ರು. ನಮ್ಮ ಒದ್ದೆ ಸಾಕ್ಸು, ಗ್ಲೌಸು ನಾವು ಕೇಳ್ದೇನೇ ತಗೊಂಡು ಹೋಗಿ ಒಲೆ ಸುತ್ತ ಹರಡಿದ್ರು. ಒಬ್ಬನಿಗೆ ತಲೆ ಸಿಡೀತಿದೆ ಅಂದ್ರೆ ದಪ್ಪ ಕಂಬಳಿ ಹೊದೆಸಿ ಬೆಳ್ಳುಳ್ಳಿ ಸೂಪ್ ಕೊಟ್ಟು, ಕಮ್ಮಿ ಆಗ್ಲಿಲ್ಲ ಅಂದ್ರೆ ಇಲ್ಲೇ ಆರ್ಮಿ ಕ್ಯಾಂಪಿದೆ ಡಾಕ್ಟರ್ ಇರ್ತಾರೆ ಅಂತ ತಾವೇ ತೋರಿಸಿದ್ರು. ರಾತ್ರಿ ಹಾಸಿಗೆ ಎಷ್ಟು ಅಂತ ಸುಮ್ನೆ ವಿಚಾರಿಸಿದೆ, 300 ಅಂದ್ರು. ಪಾಂಗ್ ಸರ್ಚುಗಿಂತಲೂ ಎತ್ತರ, ಅಲ್ಲಿ ಮಲಗಿ ಅಂತ ನಾನು ಹೇಳಲ್ಲ, ಆದ್ರೆ ಊಟಕ್ಕೆ ಗಾಡಿ ನಿಲ್ಸೋದಿದ್ರೆ ಇಂಥ ಟೆಂಟಲ್ಲೇ ನಿಲ್ಸಿ, ದುಡ್ಡು ಸೇರಬೇಕಾದವರಿಗೆ ಸೇರುತ್ತೆ. ಕಾಫಿಪುಡಿ ತಗೊಂಡು ಹೋಗೋರು ಫಿಲ್ಟರ್ ಬಿಟ್ಟು ಹೋಗಿ, ಆ ನೀರಲ್ಲಿ ಡಿಕಾಕ್ಷನ್ ಸರಿಯಾಗಿ ಇಳಿಯಲ್ಲ, ಪುಡಿನ ಹಾಲಿಗೇ ಹಾಕಿ ಕುದಿಸಿ ಸೋಸ್ಕೊಳ್ಳಿ.

ಪೆಟ್ರೋಲ್ ವಿಷಯ ಬೇಗ ಹೇಳ್ತೀನಿ. ಕೇಲಾಂಗ್‌ಗೆ ಮುಂಚೆ ತಾಂಡಿ ಬಂಕಲ್ಲಿ ಮುಂದಿನ ಬಂಕ್ 365 ಕಿಮೀ ಅಂತ ಬೋರ್ಡೇ ಇದೆ. ಅಲ್ಲಿ ಫುಲ್ ಟ್ಯಾಂಕ್ ಮಾಡಿ, ಮೇಲೆ 5 ಲೀಟರ್ ಕ್ಯಾನಲ್ಲಿ. ಕಾರ್ಬ್ಯುರೇಟರ್ ಇರೋ ಹಳೇ ಬುಲೆಟ್ ಎತ್ತರದಲ್ಲಿ ಎಳೆಯಲ್ಲ, ಪೆಟ್ರೋಲೂ ಜಾಸ್ತಿ ಕುಡಿಯುತ್ತೆ, ಹಾಗಾಗಿ ಗುಂಪಿನ ಲೆಕ್ಕ ಆ ಬೈಕಿನ ಮೇಲೆ ಹಾಕಿ. ನಮ್ಮ ಕಡೆಯ ಪ್ರಿಪೇಯ್ಡ್ ಸಿಮ್ ಲಡಾಖಲ್ಲಿ ನಡೆಯಲ್ಲ, ಪೋಸ್ಟ್‌ಪೇಯ್ಡ್ ಬೇಕು. ಮನಾಲಿಯಲ್ಲಿ ಬಾಡಿಗೆಗೆ ತಗೊಂಡ ಬೈಕನ್ನ ಲೇಹ್‌ನಿಂದ ಆಚೆ ಸುತ್ತೋಕೆ ಅಲ್ಲಿನ ಬಾಡಿಗೆಯವರು ಬಿಡಲ್ಲ, ಸ್ವಂತ ಬೈಕೇ ಒಳ್ಳೇದು. ಪಾಂಗ್ ದಾಟಿದ ಮೇಲೆ ಸಿಗೋ ಮೋರೆ ಬಯಲಲ್ಲಿ ನಲವತ್ತು ಕಿಮೀ ನೇರ ಟಾರ್ ರೋಡು ಸಿಕ್ತು ಅಂತ ಆಕ್ಸಿಲರೇಟರ್ ತಿರುಗಿಸ್ಬೇಡಿ, ಕಿಯಾಂಗ್ ಅಂತ ಕಾಡುಕತ್ತೆಗಳು ದಿಢೀರ್ ಅಂತ ರೋಡಿಗೆ ಬರ್ತವೆ.

ವಾಪಸ್ ಬಂದಿದ್ದು ಕಾರ್ಗಿಲ್, ದ್ರಾಸ್ ಮೇಲೆ. ಆಗಲೇ ನಮಗೆ ಪೂರ್ತಿ ಅರ್ಥ ಆಗಿದ್ದು ಈ ದಾರಿಯಲ್ಲೇ ಹತ್ತಬೇಕು ಅಂತ. ಶ್ರೀನಗರದಿಂದ ಲೇಹ್‌ವರೆಗಿನ ಹೆದ್ದಾರಿಯ ಅತಿ ಎತ್ತರದ ಜಾಗ ಫೋಟು ಲಾ, 4,108 ಮೀಟರ್. ಅಂದ್ರೆ ಇಡೀ ದಾರಿಯ ತುತ್ತತುದಿನೇ ಸರ್ಚುನ ಹಾಸಿಗೆಗಿಂತ ಕೆಳಗಿದೆ. ಸೋನಾಮಾರ್ಗ್, ದ್ರಾಸ್, ಕಾರ್ಗಿಲ್ ಎಲ್ಲಾ ಊರು, ಆಸ್ಪತ್ರೆ ಇದೆ, ಬಂಕ್ ಇದೆ, ರೂಮ್ ಸಿಗುತ್ತೆ. 2025ರ ಜನವರಿಯಲ್ಲಿ ಸೋನಾಮಾರ್ಗ್ ಸುರಂಗನೂ ಓಪನ್ ಆಗಿದೆ.

ಝೋಜಿಲಾ ಪಾಸ್ ಹತ್ರ ಹಿರಿಯಣ್ಣ ಗಾಡಿ ನಿಲ್ಸಿ ಎಲ್ಲರನ್ನೂ ಇಳಿಸಿದ್ರು. 1948ರ ನವೆಂಬರ್ 1ಕ್ಕೆ ಇದೇ ಕಣಿವೆಗೆ ಸ್ಟುವರ್ಟ್ ಟ್ಯಾಂಕ್‌ಗಳನ್ನ ಹತ್ತಿಸಿ ಪಾಕಿಸ್ತಾನದ ಕಡೆಯವರ ಹಿಡಿತದಿಂದ ದಾರಿ ಬಿಡಿಸಿದ್ದು ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯನವರ ಡಿವಿಷನ್. ಅದಕ್ಕೆ ಕೆಲವು ತಿಂಗಳು ಮುಂಚೆ, ಮೇ ತಿಂಗಳಲ್ಲಿ, ಲೇಹ್‌ನಲ್ಲಿ ಇಳಿದ ಮೊದಲ ಡಕೋಟಾ ವಿಮಾನದಲ್ಲೂ ವಾಯುಪಡೆಯ ಮೆಹರ್ ಸಿಂಗ್ ಜೊತೆ ಅವರೇ ಕೂತು ಬಂದಿದ್ರು. ಮೇಲಿನ ಕಮಾಂಡ್ ಕಾರಿಯಪ್ಪನವರದು. ನಾವು ನಡೀತಿದ್ದ ರೋಡು ಉಳ್ಕೊಂಡಿದ್ದು ಇವರಿಂದ ಅಂತ ಅಲ್ಲಿ ನಿಂತು ಕೇಳಿದಾಗ ಕಣ್ಣು ತುಂಬಿ ಬಂತು, ಹೇಳ್ಕೊಳ್ಳೋಕೆ ನನಗೇನು ಸಂಕೋಚ ಇಲ್ಲ. ಕೊಡಗಿನಿಂದ ಹೊರಡೋರು ಮೊದ್ಲು ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆಯಾಗಿದ್ದ ಸನ್ನಿ ಸೈಡ್ ಮ್ಯೂಸಿಯಂಗೆ ಒಂದು ಸುತ್ತು ಹೋಗಿ, ನಂತರ ಈ ಪಾಸ್ ಹತ್ತಿ.

ಝೋಜಿಲಾದಲ್ಲಿ ಗಾಡಿ ಬಿಡೋ ಟೈಮಿಂಗ್ ಬದಲಾಗ್ತಾ ಇರುತ್ತೆ, ಹಿಂದಿನ ಸಂಜೆನೇ ಸೋನಾಮಾರ್ಗ್‌ನಲ್ಲಿ ಪೊಲೀಸರನ್ನ ಕೇಳ್ಕೊಳ್ಳಿ, ಆ ಕಡೆ ಪರಿಸ್ಥಿತಿನೂ ವಿಚಾರಿಸಿ. ಏಜೆಂಟ್ ಮೂಲಕನೇ ಹೋಗೋದಾದ್ರೆ ಬ್ಯಾಕಪ್ ಗಾಡಿಯ ನಂಬರ್, ಡ್ರೈವರ್ ಫೋನ್ ನಂಬರ್ ಹೊರಡೋಕೆ ಮುಂಚೆ ತಗೊಳ್ಳಿ, ಸಿಲಿಂಡರ್ ಕಣ್ಣಾರೆ ನೋಡಿ, ಅದು ನಿಮ್ಮ ಹಿಂದೆ ಬರ್ತಿದೆ ಅಂತ ಗೊತ್ತಾಗೋ ತನಕ ಬಾಕಿ ದುಡ್ಡು ಕೊಡ್ಬೇಡಿ.