ಈ ವಿಚಿತ್ರ ಕಟ್ಟಡಗಳು ನಿಮಗೆ ನಿಜಕ್ಕೂ ಚಂದ ಕಾಣುತ್ತವಾ?

ನಾನು ಕಟ್ಟಡಗಳ ಬಗ್ಗೆ ಬರೆಯುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಫೋನ್ ತೆಗೆದು ಒಂದು ಫೋಟೊ ತೋರಿಸುತ್ತಾರೆ. ಯಾವುದೋ ತಿರುಚಿದ ಗೋಪುರ, ಹೊಟ್ಟೆ ಉಬ್ಬಿದ ಗಾಜಿನ ಕಟ್ಟಡ, ಇಲ್ಲವೇ ಬಣ್ಣವೇ ಬಳಿಯದ ಕಾಂಕ್ರೀಟಿನ ರಾಶಿ. ಆಮೇಲೆ ಪ್ರಶ್ನೆ ಬರುತ್ತದೆ: "ನಿಜ ಹೇಳಿ, ಇದು ಚಂದ ಇದೆಯಾ? ನಮಗಂತೂ ನೋಡೋಕೇ ಆಗಲ್ಲ."

ಫೋಟೊ ನೋಡಿ ನಾನು ಹೇಳಲಾರೆ. ಅದು ಯಾಕೆ ಹಾಗಿದೆ ಅನ್ನುವುದು ನನಗೆ ಮೊದಲು ಗೊತ್ತಾಗಬೇಕು. ಆ ವಿಚಿತ್ರ ಆಕಾರದಿಂದ ಒಳಗಿರುವವರಿಗೋ ಹೊರಗೆ ಓಡಾಡುವವರಿಗೋ ಏನಾದರೂ ಸಿಕ್ಕಿದ್ದರೆ, ಆ ಕಟ್ಟಡ ಇವತ್ತಲ್ಲ ನಾಳೆ ನನಗೆ ಹಿಡಿಸುತ್ತದೆ. ದೂರದಿಂದ ನೋಡಿ ಬೆರಗಾಗಲಿ ಅಂತ ಮಾತ್ರ ಕಟ್ಟಿದ್ದರೆ ಎಷ್ಟು ನೋಡಿದರೂ ಹಿಡಿಸುವುದಿಲ್ಲ.

ಪ್ಯಾರಿಸ್ಸಿನ ಪಾಂಪಿಡೂ ಸೆಂಟರ್ ಅನ್ನುವ ಕಲಾ ಕೇಂದ್ರ ತಗೊಳ್ಳಿ. 1977ರಲ್ಲಿ ಅದರ ಬಾಗಿಲು ತೆರೆದಾಗ ತೈಲ ಶುದ್ಧೀಕರಣ ಕಾರ್ಖಾನೆ ಅಂತ ಬೈದವರಿದ್ದರು. ಬೈದದ್ದು ಸುಮ್ನೆ ಅಲ್ಲ. ಬೇರೆ ಕಟ್ಟಡಗಳು ಗೋಡೆಯೊಳಗೆ, ಸೀಲಿಂಗ್ ಮೇಲೆ ಬಚ್ಚಿಡುವ ಪೈಪುಗಳೆಲ್ಲ ಅಲ್ಲಿ ಹೊರಗಿವೆ. ಗಾಳಿಯ ಕೊಳವೆಗೆ ನೀಲಿ, ನೀರಿನದಕ್ಕೆ ಹಸಿರು, ವಿದ್ಯುತ್ತಿನದಕ್ಕೆ ಹಳದಿ. ಜನರನ್ನು ಮೇಲಕ್ಕೆ ಒಯ್ಯುವ ವ್ಯವಸ್ಥೆಗೆ ಕೆಂಪು. ಇದನ್ನು ವಿನ್ಯಾಸ ಮಾಡಿದ ರೆಂಜೊ ಪಿಯಾನೊ ಮತ್ತು ರಿಚರ್ಡ್ ರಾಜರ್ಸ್ ಆಗ ಮೂವತ್ತರ ಹರೆಯದವರು. 1971ರ ಸ್ಪರ್ಧೆಗೆ ಬಂದಿದ್ದ 681 ವಿನ್ಯಾಸಗಳಲ್ಲಿ ಇವರದು ಗೆದ್ದಿತ್ತು.

ಪೈಪು, ಮೆಟ್ಟಿಲು, ಹೊರೆ ಹೊರುವ ಕಂಬ ಎಲ್ಲವನ್ನೂ ಹೊರಗೆ ಹಾಕಿದ್ದರಿಂದ ಒಳಗೆ ಏನಾಯಿತು ಅಂತ ನೋಡಬೇಕು. ಸುಮಾರು 50 ಮೀಟರ್ ಅಗಲದ ಮಹಡಿಗಳಲ್ಲಿ ನಡುವೆ ಒಂದೂ ಕಂಬವಿಲ್ಲ. ಪ್ರತಿ ಪ್ರದರ್ಶನಕ್ಕೂ ಗೋಡೆಗಳನ್ನು ಬೇಕಾದಂತೆ ಸರಿಸಿಕೊಳ್ಳಬಹುದು. 2025ರಲ್ಲಿ ದುರಸ್ತಿಗೆ ಅಂತ ಮುಚ್ಚುವವರೆಗೂ, ಹೊರಗಿನ ಗಾಜಿನ ಕೊಳವೆಯಲ್ಲಿ ಎಸ್ಕಲೇಟರ್ ಏರುತ್ತಾ ಹೋದರೆ ಊರಿನ ಮಾಡುಗಳು ಒಂದೊಂದಾಗಿ ಕೆಳಗಿಳಿಯುತ್ತಿದ್ದವು. ಇನ್ನೊಂದು ವಿಷಯ ನನಗೆ ಇವೆಲ್ಲಕ್ಕಿಂತ ಜಾಸ್ತಿ ಇಷ್ಟ. ಜಾಗದ ಅರ್ಧದಷ್ಟನ್ನು ಅವರು ಕಟ್ಟದೇ ಬಿಟ್ಟರು. ಇಳಿಜಾರಿನ ಆ ಬಯಲಲ್ಲಿ ಟಿಕೆಟ್ಟಿಲ್ಲದವರೂ ಆರಾಮಾಗಿ ಕೂತಿರುತ್ತಿದ್ದರು. ಇಷ್ಟು ಗೊತ್ತಾದ ಮೇಲೂ ಆ ಪೈಪುಗಳು ಚಂದ ಕಾಣದಿದ್ದರೆ ನಾನು ಜಗಳಕ್ಕೆ ಬರುವುದಿಲ್ಲ. ಆದರೆ ಅವು ಅಲ್ಲಿರುವುದು ಯಾಕೆ ಅಂತ ಕೇಳದೇ ಬೈಯುವುದು ಸರಿಯಲ್ಲ ಅಲ್ವಾ?

ಸಿಡ್ನಿಯ ಆಪೆರಾ ಹೌಸ್ ಕತೆ ಇದಕ್ಕಿಂತ ತೊಡಕಿನದು. 1957ರಲ್ಲಿ ಡೆನ್ಮಾರ್ಕಿನ ಯೋರ್ನ್ ಉಟ್ಸನ್ ಬರೆದ ಚಿತ್ರ ಗೆದ್ದಾಗ ಅದನ್ನು ಕಟ್ಟುವುದು ಹೇಗೆ ಅಂತ ಯಾರಿಗೂ ಗೊತ್ತಿರಲಿಲ್ಲ. ಮಾಡು ಅಂದರೆ ದೊಡ್ಡ ದೊಡ್ಡ ಚಿಪ್ಪುಗಳು, ಒಂದೊಂದು ಚಿಪ್ಪಿನ ಬಾಗು ಒಂದೊಂದು ಥರ. ಎಂಜಿನಿಯರುಗಳು ವರ್ಷಗಟ್ಟಲೆ ಲೆಕ್ಕ ಹಾಕಿದರು. ಕೊನೆಗೆ ಸಿಕ್ಕ ದಾರಿ ಎಷ್ಟು ಸರಳ ನೋಡಿ. ಎಲ್ಲ ಚಿಪ್ಪುಗಳನ್ನೂ ಒಂದೇ ಗೋಳದಿಂದ ಕತ್ತರಿಸಿಕೊಳ್ಳುವುದು. ಒಂದೇ ಕಿತ್ತಳೆಯ ಸಿಪ್ಪೆಯನ್ನು ಬೇರೆ ಬೇರೆ ಅಳತೆಗೆ ಸುಲಿದ ಹಾಗೆ. ತುಂಡುಗಳು ಚಿಕ್ಕವಿರಲಿ, ದೊಡ್ಡವಿರಲಿ, ಬಾಗು ಒಂದೇ. ಹಾಗಾಗಿ ಕಾಂಕ್ರೀಟಿನ ಪಕ್ಕೆಲುಬುಗಳನ್ನು ಅವೇ ಅಚ್ಚುಗಳಲ್ಲಿ ಮತ್ತೆ ಮತ್ತೆ ಎರಕ ಹೊಯ್ಯಲು ಆಯಿತು.

ದೂರದಿಂದ ಆ ಮಾಡು ಬರೀ ಬಿಳಿ. ಹತ್ತಿರ ಹೋದರೆ ಬಿಳಿ ಒಂದೇ ಅಲ್ಲ. ಹೊಳೆಯುವ ಬಿಳಿ ಟೈಲ್ಸ್ ಮಧ್ಯೆ ಹೊಳಪಿಲ್ಲದ ಕೆನೆ ಬಣ್ಣದ ಟೈಲ್ಸ್ ಪಟ್ಟಿಯಾಗಿ ಓಡುತ್ತವೆ. ಹತ್ತು ಲಕ್ಷಕ್ಕೂ ಜಾಸ್ತಿ ಟೈಲ್ಸ್. ಪೂರ್ತಿ ಹೊಳಪಿನದೇ ಹಾಕಿದ್ದರೆ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಪೂರ್ತಿ ಮಂಕಾದದ್ದು ಹಾಕಿದ್ದರೆ ಸಪ್ಪೆಯಾಗುತ್ತಿತ್ತು. ಇಷ್ಟು ಸಣ್ಣ ವಿಷಯಕ್ಕೆ ಒಬ್ಬ ಮನುಷ್ಯ ತಲೆ ಕೆಡಿಸಿಕೊಂಡಿದ್ದಾನೆ ಅನ್ನುವುದೇ ನನಗೆ ಪ್ರೀತಿ ಹುಟ್ಟಿಸುತ್ತದೆ.

ಹಾಗಂತ ಎಲ್ಲವೂ ಚೆನ್ನಾಗಿ ನಡೆಯಿತು ಅನ್ನಲಾರೆ. 70 ಲಕ್ಷ ಆಸ್ಟ್ರೇಲಿಯನ್ ಡಾಲರ್ ಅಂತ ಅಂದಾಜಿಸಿದ್ದ ಖರ್ಚು 10 ಕೋಟಿ 20 ಲಕ್ಷಕ್ಕೆ ಮುಟ್ಟಿತು. 1966ರಲ್ಲಿ ಸರಕಾರದ ಜೊತೆ ಜಗಳವಾಗಿ ಉಟ್ಸನ್ ದೇಶ ಬಿಟ್ಟರು. 1973ರಲ್ಲಿ ಉದ್ಘಾಟನೆಯಾದ ತಮ್ಮ ಕಟ್ಟಡವನ್ನು ಅವರು ಸಾಯುವವರೆಗೂ ಕಣ್ಣಾರೆ ನೋಡಲಿಲ್ಲ.

ಬಣ್ಣ ಬಳಿಯದ ಕಾಂಕ್ರೀಟ್ ಕಂಡರಂತೂ ಜನಕ್ಕೆ ಆಗುವುದೇ ಇಲ್ಲ. ಲಂಡನ್ನಿನ ನ್ಯಾಷನಲ್ ಥಿಯೇಟರನ್ನು ಆಗಿನ ರಾಜಕುಮಾರ ಚಾರ್ಲ್ಸ್ ಅಣುಸ್ಥಾವರಕ್ಕೆ ಹೋಲಿಸಿದ್ದರು. ಆದರೆ ವಾಸ್ತುಶಿಲ್ಪಿ ಡೆನಿಸ್ ಲ್ಯಾಸ್ಡನ್ ಕಟ್ಟಿಸಿದ ಆ ಗೋಡೆಯಿಂದ ಒಂದು ಗೇಣು ದೂರದಲ್ಲಿ ನಿಂತು ನೋಡಿ. ಸೆಂಟ್ರಿಂಗ್ ಹಲಗೆಯ ಎಳೆ, ಗಂಟು, ಹಲಗೆಗೆ ಹಲಗೆ ಸೇರಿದ ಗೆರೆ ಎಲ್ಲವೂ ಸಿಮೆಂಟಿನಲ್ಲಿ ಅಚ್ಚೊತ್ತಿವೆ. ಬೆರಳಾಡಿಸಿದರೆ ಮರ ಮುಟ್ಟಿದ ಹಾಗೆಯೇ ಆಗುತ್ತದೆ. ಹಲಗೆ ಬಿಚ್ಚಿದ ಮೇಲೆ ಮೇಲೊಂದು ಪದರ ಮೆತ್ತಿ ತಪ್ಪು ಮುಚ್ಚುವ ಅವಕಾಶವೇ ಇಲ್ಲದ ಕೆಲಸ ಅದು. ಬಡಗಿಯ ಕೈ ಅಷ್ಟು ನೇರವಾಗಿ ಕಾಣುವ ಗೋಡೆಗಳು ಕಡಿಮೆ.

ಇನ್ನು ನನಗೆ ನಿಜಕ್ಕೂ ಅಂದಗೇಡಿ ಅನ್ನಿಸಿದ ಕಟ್ಟಡ ಹೇಳುತ್ತೇನೆ. ಅದೇ ಲಂಡನ್ನಿನ 20 ಫೆನ್‌ಚರ್ಚ್ ಸ್ಟ್ರೀಟ್. ಆಕಾರ ನೋಡಿ ಜನ ವಾಕಿ ಟಾಕಿ ಅಂತ ಕರೆಯುತ್ತಾರೆ. ಬುಡ ಸಣ್ಣ, ಮೇಲೆ ಹೋದಂತೆ ಅಗಲ. ಇದಕ್ಕೂ ಕಾರಣ ಇದೆ. ಎತ್ತರದ ಮಹಡಿಗೆ ಬಾಡಿಗೆ ಜಾಸ್ತಿ, ಹಾಗಾಗಿ ಅಲ್ಲೇ ಜಾಗ ಹೆಚ್ಚಿಸಿದರು. ಲಾಭ ಮಾಲೀಕರಿಗೆ. ಬೀದಿಯವರಿಗೆ ಸಿಕ್ಕಿದ್ದು ಬೇರೆ. 2013ರ ಬೇಸಿಗೆಯಲ್ಲಿ ಒಳಬಾಗಿದ ಆ ಗಾಜಿನ ಗೋಡೆ ಭೂತಗನ್ನಡಿಯ ಹಾಗೆ ಬಿಸಿಲನ್ನು ಒಂದೇ ಕಡೆ ಚೆಲ್ಲಿತು. ಕೆಳಗೆ ನಿಲ್ಲಿಸಿದ್ದ ಕಾರೊಂದರ ಭಾಗಗಳು ಕರಗಿದವು. ಆಮೇಲೆ ಗೋಡೆಗೆ ಬಿಸಿಲು ತಡೆಯುವ ಪಟ್ಟಿಗಳನ್ನು ಕೂರಿಸಬೇಕಾಯಿತು. 2015ರಲ್ಲಿ ಅದಕ್ಕೆ ಬ್ರಿಟನ್ನಿನ ಕಾರ್ಬಂಕಲ್ ಕಪ್ ಬಂತು. ಆ ವರ್ಷದ ಅತಿ ಕೆಟ್ಟ ಕಟ್ಟಡಕ್ಕೆ ಕೊಡುತ್ತಿದ್ದ ಬಹುಮಾನ ಅದು. ಕಾರ್ಬಂಕಲ್ ಅಂದರೆ ಕುರು.

ಇಂಥ ಮಾತು ಬಂದಾಗ ಯಾರಾದರೂ ಐಫೆಲ್ ಗೋಪುರದ ಉದಾಹರಣೆ ಕೊಟ್ಟೇ ಕೊಡುತ್ತಾರೆ. "ಅದನ್ನೂ ಬೈದಿದ್ದರು, ಈಗ ನೋಡಿ!" ಬೈದದ್ದು ನಿಜ. 1887ರಲ್ಲಿ ಕತೆಗಾರ ಮೊಪಾಸಾ, ಪ್ಯಾರಿಸ್ ಆಪೆರಾ ಕಟ್ಟಡದ ಶಿಲ್ಪಿ ಗಾರ್ನಿಯೆ ಎಲ್ಲ ಸೇರಿ ಪತ್ರಿಕೆಯಲ್ಲಿ ಪ್ರತಿಭಟನೆ ಬರೆದರು. ಗೋಪುರದ ನಾಲ್ಕು ಕಾಲುಗಳ ಬಾಗು ಗಾಳಿಯ ಒತ್ತಡದ ಲೆಕ್ಕದಿಂದ ಬಂದದ್ದು, ಅದರಲ್ಲೇ ಅದರ ಚಂದ ಇದೆ ಅಂತ ಐಫೆಲ್ ಉತ್ತರ ಕೊಟ್ಟರು. 20 ವರ್ಷಕ್ಕೆ ಮಾತ್ರ ಅನುಮತಿ ಪಡೆದ ಗೋಪುರ ಉಳಿದದ್ದು ರೇಡಿಯೊ ಸಂಪರ್ಕಕ್ಕೆ ಬೇಕಾಗಿದ್ದರಿಂದ. ಆದರೆ ಈ ಒಂದು ಕತೆ ಹಿಡಿದುಕೊಂಡು ಎಲ್ಲ ಕಟ್ಟಡಗಳನ್ನೂ ಒಪ್ಪಿಕೊಳ್ಳಿ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಸೋರುವ ಮಾಡು ಕೂಡ ವರ್ಷ ಕಳೆದಂತೆ ರೂಢಿಯಾಗುತ್ತದೆ. ಹಾಗಂತ ಅದು ಇಷ್ಟವಾಯಿತು ಅನ್ನಲು ಆಗುತ್ತಾ? ಚಿತ್ರ ಹಿಡಿಸದಿದ್ದರೆ ಮುಖ ತಿರುಗಿಸಿಕೊಂಡು ಹೋಗಬಹುದು. ಕಟ್ಟಡದ ಎದುರು ಮನೆಯವರು ಎಲ್ಲಿಗೆ ಹೋಗಬೇಕು? ಅವರು ಚೆನ್ನಾಗಿಲ್ಲ ಅಂದರೆ ಆ ಮಾತಿಗೆ ಬೆಲೆ ಇರಬೇಕು.

ನನ್ನ ಲೆಕ್ಕಕ್ಕೆ ಸಿಗದ ಕಟ್ಟಡವೂ ಒಂದಿದೆ. ಟೋಕಿಯೊದ ನಕಾಗಿನ್ ಕ್ಯಾಪ್ಸೂಲ್ ಟವರ್. 1972ರಲ್ಲಿ ವಾಸ್ತುಶಿಲ್ಪಿ ಕಿಶೋ ಕುರೊಕಾವಾ ಕಟ್ಟಿಸಿದ್ದು. ವಾಷಿಂಗ್ ಮೆಷಿನ್‌ಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗಿತ್ತು. ಒಟ್ಟು 140 ಗೂಡುಗಳು, ಒಂದೊಂದಕ್ಕೂ ಒಂದು ದುಂಡು ಕಿಟಕಿ. ಸುಮಾರು 10 ಚದರ ಮೀಟರಿನಲ್ಲಿ ಹಾಸಿಗೆ, ಮೇಜು, ಬಚ್ಚಲು ಎಲ್ಲ. ಸುಮಾರು 25 ವರ್ಷಕ್ಕೊಮ್ಮೆ ಹಳೆಯ ಗೂಡು ಬಿಚ್ಚಿ ಹೊಸದನ್ನು ಬೋಲ್ಟ್ ಹಾಕಿ ಕೂರಿಸಬೇಕು ಅನ್ನುವುದು ಯೋಜನೆ. ಎಂಥ ಒಳ್ಳೆಯ ಕಾರಣ! ಆದರೆ ಒಂದು ಗೂಡನ್ನೂ ಯಾರೂ ಬದಲಾಯಿಸಲಿಲ್ಲ. ನೀರು ಸೋರಿತು, ಕಬ್ಬಿಣ ತುಕ್ಕು ಹಿಡಿಯಿತು. 2022ರಲ್ಲಿ ಕಟ್ಟಡವನ್ನು ಬಿಚ್ಚಿದರು. ಆಗ 23 ಗೂಡುಗಳನ್ನು ಕೆಡದಂತೆ ಇಳಿಸಿ, ರಿಪೇರಿ ಮಾಡಿ ಉಳಿಸಿಕೊಂಡರು. ಕೆಲವು ಮ್ಯೂಸಿಯಂ ಸೇರಿವೆ. ಆ ದುಂಡು ಕಿಟಕಿಯ ಫೋಟೊ ಕಂಡಾಗಲೆಲ್ಲ ಅದರಲ್ಲಿ ಇದ್ದವರು ಯಾರು, ಬೆಳಗ್ಗೆ ಎದ್ದು ಅದರಾಚೆ ಏನು ನೋಡುತ್ತಿದ್ದರು ಅಂತ ಯೋಚನೆ ಹೋಗುತ್ತದೆ.